ಮುಪ್ಪನ್ನು ಹೊರುವವರಾರು?

ಯಯಾತಿಯ ಕಥೆಯನ್ನು ಕೇಳದ ಕನ್ನಡ ಮನೆ ವಿರಳ. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುಪ್ಪಡಸಿದ ಆ ಅರಸನು ಅದನ್ನು ಮಗನಾದ ಪೂರುವಿಗೆ ಕೊಟ್ಟು, ಅವನ ಯೌವನವನ್ನು ತಾನು ಪಡೆದನು. ಲೋಕವು ಅವನಲ್ಲಿ ಭೋಗಲಾಲಸೆಯ ದೋಷವನ್ನು ಕಾಣುತ್ತದೆ. ಅದಕ್ಕಿಂತಲೂ ಹಿರಿದಾದ ದೋಷವೊಂದುಂಟು: ತಾನು ಹೊರಬೇಕಾದುದನ್ನು ಅವನು ತನ್ನವರ ಮೇಲೆ ಹೊರಿಸಿದನು.

ಈ ದೋಷಕ್ಕೆ ಶಾಪವೂ ಬೇಕಿಲ್ಲ, ಅರಸುತನವೂ ಬೇಕಿಲ್ಲ. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಲ್ಲಾಗಲಿ, ಬೆಂಗಳೂರಿನಲ್ಲಾಗಲಿ, ಐವತ್ತು ದಾಟಿದ ಯಜಮಾನನು ಕಾರಣವಿಲ್ಲದೆ ಸಿಡುಕುವುದೂ, ನಿದ್ದೆಗೆಡುವುದೂ, ಹೆಂಡತಿಯಿಂದ ದೂರ ಸರಿಯುವುದೂ, ಮಗನ ದುಡಿಮೆಯಲ್ಲಿ ತಪ್ಪನ್ನೇ ಹುಡುಕುವುದೂ ಉಂಟು. ಮನೆಯವರಾದರೋ ತಮ್ಮಲ್ಲಿಯೇ ಏನೋ ಅಪರಾಧವಿದೆಯೆಂದು ಕುಗ್ಗುವರು. ಪೂರು ಹೊತ್ತ ಹೊರೆಯೂ ಇಂತಹುದೇ ಅಲ್ಲವೆ?

ಪುರುಷನ ಕಸುವು, ಎಲುಬು, ಕಾಮನೆಗಳಿಗೆ ಆಧಾರವಾದ ಟೆಸ್ಟೊಸ್ಟೆರೋನ್ ಎಂಬ ಹಾರ್ಮೋನು ವೃಷಣಗಳಲ್ಲಿ ಹುಟ್ಟುತ್ತದೆ. ಸ್ತ್ರೀಯರಿಗೆ ಮುಟ್ಟು ನಿಲ್ಲುವಂತೆ ಇದು ನಿಂತುಹೋಗುವುದಿಲ್ಲ. ನಡುವಯಸ್ಸಿನಿಂದ ವರ್ಷಕ್ಕೆ ಸುಮಾರು ನೂರಕ್ಕೆ 1ರಂತೆ ಇಳಿಯುತ್ತದೆ. ಬೊಜ್ಜು, ಸಕ್ಕರೆ ರೋಗಗಳಿದ್ದರೆ ಇಳಿತ ಹೆಚ್ಚು. ಎಲ್ಲ ಸಿಡುಕಿಗೂ ಇದೇ ಕಾರಣವಲ್ಲ. ಚಿಂತೆ, ಖಿನ್ನತೆಗಳೂ ಇರಬಹುದು.

1889ರಲ್ಲಿ ಪ್ಯಾರಿಸಿನಲ್ಲಿ ಬ್ರೌನ್ ಸೆಕಾರ್ ಎಂಬ 72 ವರ್ಷದ ವಿಜ್ಞಾನಿಯು ಪ್ರಾಣಿಗಳ ವೃಷಣರಸವನ್ನು ಚುಚ್ಚಿಕೊಂಡು, ಕಸುವು ಮರಳಿತೆಂದು ಸಾರಿದನು. ಅದು ಬರಿಯ ನಂಬಿಕೆಯ ಫಲವೆಂದು ಮುಂದೆ ತಿಳಿದುಬಂದಿತು. 1935ರಲ್ಲಿ ರಸಾಯನಶಾಸ್ತ್ರಜ್ಞರು ಆ ಹಾರ್ಮೋನನ್ನೇ ತಯಾರಿಸಿದರು. ಲಕ್ಷಣಗಳಿದ್ದು, ಬೇರೆ ಬೇರೆ ದಿನ ಬೆಳಗ್ಗೆ ತೆಗೆದ ರಕ್ತದಲ್ಲಿಯೂ ಕೊರತೆ ಕಂಡವರಿಗೆ ಇಂದು ವೈದ್ಯರು ಅದನ್ನು ಕೊಡುವರು. ಆದರೆ ಅದರಿಂದ ರಕ್ತ ಮಂದವಾಗುವ, ಸಂತಾನಶಕ್ತಿ ಕುಗ್ಗುವ ಅಪಾಯಗಳುಂಟು. ಅದು ಕೊರತೆಗೆ ಮದ್ದು, ವಯಸ್ಸಿಗೆ ಮದ್ದಲ್ಲ.

ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಬಿದ್ದುದು 89 ವರ್ಷಗಳ ಅನಂತರ, 2022ರಲ್ಲಿ. ನಡುವಣ ಕಾಲದಲ್ಲಿ ಜನರು ಇದ್ದ ನೀರನ್ನು ಅಳೆದು ತೋಟಕ್ಕೆ ಬಿಟ್ಟುಕೊಂಡರು; ಕೋಡಿ ಬೀಳಲಿಲ್ಲವೆಂದು ತೋಟವನ್ನು ಹಳಿಯಲಿಲ್ಲ. ಇಳಿವಯಸ್ಸಿನ ವಿವೇಕವೂ ಇಂತಹುದೇ. ಮಿತವಾದ ಊಟ, ದುಡಿಮೆ, ನಿದ್ದೆ, ಅಗತ್ಯವಾದರೆ ವೈದ್ಯರ ಸಲಹೆ ಇವೆಲ್ಲ ಬೇಕು. ಇವಕ್ಕಿಂತ ಮೊದಲು ಬೇಕಾದುದು ಒಂದು ಮಾತು: "ಬದಲಾಗಿರುವುದು ನನ್ನ ದೇಹ, ತಪ್ಪು ನಿನ್ನದಲ್ಲ." ಇದನ್ನು ಹೆಂಡತಿಗೆ ಹೇಳಲು ನಾಚುವ ಗಂಡಸು ಅದನ್ನು ಗಂಡಸುತನವೆಂದು ತಿಳಿದಿರುವನು. ಯಯಾತಿಯಾದರೂ ಕಡೆಗೆ ಮಗನ ಯೌವನವನ್ನು ಹಿಂದಿರುಗಿಸಿ, ತನ್ನ ಮುಪ್ಪನ್ನು ತಾನೇ ಹೊತ್ತನು.