ಪಾದುಕೆ ಮತ್ತು ಕಡತ

ಭೀಮಾ–ಅಮರ್ಜಾ ಸಂಗಮದ ಗಾಣಗಾಪುರದಲ್ಲಿ ಭಕ್ತರು ಕಿರುಗಿಂಡಿಯಿಂದ ಕಾಣುವುದು ದತ್ತ ಸಂಪ್ರದಾಯದ ಗುರು ನರಸಿಂಹ ಸರಸ್ವತಿಯವರು ಬಿಟ್ಟುಹೋದರೆಂದು ನಂಬಲಾದ ನಿರ್ಗುಣ ಪಾದುಕೆಗಳನ್ನು. ಕಣ್ಣಿಗೆ ಕಾಣದವರನ್ನು ಗುರುತೊಂದು ಹೇಗೆ ಹಿಡಿದಿಡುತ್ತದೆ ಎಂಬ ಅಲ್ಲಿನ ಹಳೆಯ ಪ್ರಶ್ನೆ, ಪಲ್ಲಕ್ಕಿ ಸೇವೆಯ ವಿಡಿಯೊವನ್ನು ಕೆಡೆನ್‌ಲೈವ್‌ನಂಥ ತಂತ್ರಾಂಶದಲ್ಲಿ ಸಂಕಲಿಸುವಾಗಲೂ ಎದುರಾಗುತ್ತದೆ. ಅದರ ಯೋಜನಾ ಕಡತ ಎಕ್ಸ್‌ಎಂಎಲ್, ಅಂದರೆ ಹೆಸರಿಟ್ಟ ಗುರುತುಗಳು ಒಂದರೊಳಗೊಂದು ಕೂತ ಬರಿಯ ಪಠ್ಯ. ಅದರಲ್ಲಿ ಪಲ್ಲಕ್ಕಿಯ ಒಂದು ಚಿತ್ರವೂ ಇಲ್ಲ. ‘ಪ್ರೊಡ್ಯೂಸರ್’ ಅಥವಾ ‘ಚೈನ್’ ಎಂಬ ಗುರುತು ಮೂಲ ವಿಡಿಯೊದ ವಿಳಾಸವನ್ನೂ, ‘ಎಂಟ್ರಿ’ಯ ‘ಇನ್’, ‘ಔಟ್’ಗಳು ತುಣುಕಿನ ಆದಿ–ಅಂತ್ಯಗಳನ್ನೂ ಹೇಳುತ್ತವೆ, ಅಷ್ಟೆ. ಪಾರ್ಸರ್, ಎಂದರೆ ಈ ರಚನೆಯನ್ನು ಬಿಡಿಸಿ ಓದುವ ಭಾಗ, ಎಲ್ಲವನ್ನೂ ತಪ್ಪಿಲ್ಲದೆ ಓದಿದರೂ ವಿಡಿಯೊ ಬೇರೆಡೆಗೆ ಸರಿದಿದ್ದರೆ ತಂತ್ರಾಂಶ ಅದನ್ನು ಹುಡುಕಿಕೊಡಿರೆಂದು ಕೇಳುತ್ತದೆ. ಹೋಲಿಕೆ ಮುರಿಯುವುದು ಇಲ್ಲಿಯೇ: ಪಾದುಕೆಯ ಉಪಾಸಕನಿಗೆ ಗುರು ಬೇರೊಂದು ವಿಳಾಸದಲ್ಲಿಲ್ಲ, ಗುರುತಿನಲ್ಲಿಯೇ ಇದ್ದಾನೆ.