ಹಣೆಬರಹವನ್ನು ಓದುವವರು ಯಾರು?

ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರೆಗಿನ ನಮ್ಮ ಹಳ್ಳಿಗಳಲ್ಲಿ ಹಿರಿಯರ ಬಾಯಲ್ಲಿ ಒಂದು ಹಳೆಯ ನಂಬಿಕೆ ಇನ್ನೂ ಉಳಿದಿದೆ. ಮಗು ಹುಟ್ಟಿದ ಐದನೆಯ ಇರುಳು ಶೆಟವಿ ತಾಯಿ ಬಂದು ಅದರ ಹಣೆಯ ಮೇಲೆ ಬರೆದು ಹೋಗುತ್ತಾಳೆ. ಆ ಬರಹವನ್ನು ಯಾರೂ ಅಳಿಸಲಾರರು. ನಮ್ಮ ಕ್ರೈಸ್ತ ಕುಟುಂಬಗಳು ಆ ಆಚರಣೆಯನ್ನು ಕೈಬಿಟ್ಟಿವೆ, ನಿಜ. ಆದರೆ "ಅದರ ಹಣ್ಯಾಗ ಬರದದ್ದು ಅಷ್ಟ" ಎಂಬ ಮಾತನ್ನು ಬಿಟ್ಟಿಲ್ಲ. ಕಲಿತವರ ಮನೆಗಳಲ್ಲಿ ಅದೇ ಮಾತು ವೇಷ ಬದಲಿಸಿದೆ: "ಅವನ ಜೀನ್‌ನಲ್ಲೇ ಇದೆ, ಏನು ಮಾಡುವುದು?" ಬರಹವು ಹಣೆಯಿಂದ ಜೀವಕೋಶದೊಳಕ್ಕೆ ಇಳಿದಿದೆ, ಅಷ್ಟೇ. ಹುಟ್ಟುವಾಗಲೇ ಎಲ್ಲವೂ ತೀರ್ಮಾನವಾಗಿದ್ದರೆ ಮನುಷ್ಯನ ಸ್ವಾತಂತ್ರ್ಯಕ್ಕೆ, ನಮ್ಮ ಹೊಣೆಗಾರಿಕೆಗೆ ಉಳಿಯುವ ಅರ್ಥವೇನು? ಇದು ಸೆಮಿನರಿಯ ತರಗತಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ; ಬಾಣಂತಿಯ ಕೋಣೆಯದೂ ಹೌದು.

ವಂಶವಾಹಿಗಳ ನಿಯಮವನ್ನು ಮೊದಲು ಕಂಡವರು ಅಗಸ್ಟೀನ್ ಸಭೆಯ ಒಬ್ಬ ಸನ್ಯಾಸಿ, ಗ್ರೆಗರ್ ಮೆಂಡೆಲ್. ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಎಣಿಸಿ ಎಣಿಸಿ 1866ರಲ್ಲಿ ಅವರು ಪ್ರಕಟಿಸಿದ ಲೇಖನವನ್ನು ಅಂದು ಲೆಕ್ಕಕ್ಕೆ ತೆಗೆದುಕೊಂಡವರು ತೀರ ಕಡಿಮೆ. ಇಂದು ಮನುಷ್ಯನಲ್ಲಿ ಪ್ರೋಟೀನು ತಯಾರಿಸುವ ವಂಶವಾಹಿಗಳು ಸುಮಾರು 20,000 ಎಂದು ತಿಳಿದಿದೆ. ನಮ್ಮ ಚರ್ಮದ ಕೋಶದಲ್ಲೂ ಮಿದುಳಿನ ಕೋಶದಲ್ಲೂ ಇರುವ ಗ್ರಂಥ ಬಹುಮಟ್ಟಿಗೆ ಒಂದೇ. ಹಾಗಾದರೆ ಒಂದು ಚರ್ಮವಾಗಿ, ಇನ್ನೊಂದು ನೆನಪನ್ನು ಹಿಡಿದಿಡುವ ನರಕೋಶವಾಗಿ ಬೆಳೆಯುವುದು ಹೇಗೆ?

ಬೆಟಗೇರಿಯ ನೇಕಾರರಿಗೆ ಇದನ್ನು ವಿವರಿಸುವ ಅಗತ್ಯ ಬೀಳದು. ಜಕಾರ್ಡ್ ಮಗ್ಗದಲ್ಲಿ ಹಾಸಿನ ಎಳೆಗಳು ಮೊದಲಿನಿಂದ ಕೊನೆಯವರೆಗೂ ಅವೇ. ಮೇಲೆ ತೂಗುವ, ತೂತು ಕೊರೆದ ರಟ್ಟಿನ ಪಟ್ಟಿಗಳು ಯಾವ ಹೊತ್ತಿಗೆ ಯಾವ ಎಳೆ ಏಳಬೇಕು, ಯಾವುದು ತಗ್ಗಿಯೇ ಇರಬೇಕು ಎಂದು ಹೇಳುತ್ತವೆ. ಅದರಂತೆ ಸೆರಗಿನಲ್ಲಿ ಹೂವು ಮೂಡುತ್ತದೆ, ಒಡಲು ಖಾಲಿ ಉಳಿಯುತ್ತದೆ. ಜೀವಕೋಶದಲ್ಲಿಯೂ ವಂಶವಾಹಿಗಳನ್ನು ಏಳಿಸುವ, ತಗ್ಗಿಸುವ ಏರ್ಪಾಡು ಇದೆ. ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳು ಕೆಲವು ವಂಶವಾಹಿಗಳನ್ನು ಮೌನವಾಗಿಸುತ್ತವೆ. ಬೇರೆ ಪ್ರೋಟೀನುಗಳು ಬಂದು ಕೆಲವನ್ನು ತೆರೆಯುತ್ತವೆ. ಮಗ್ಗಕ್ಕೂ ಕೋಶಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಮಗ್ಗದ ರಟ್ಟುಗಳನ್ನು ನೇಯ್ಗೆಗೆ ಮೊದಲೇ ಕೊರೆದಿಟ್ಟಿರುತ್ತಾರೆ. ಕೋಶದ ರಟ್ಟುಗಳಲ್ಲಿ ಕೆಲವು ನೇಯ್ಗೆ ನಡೆದಿರುವಾಗಲೇ ಕೊರೆಯಲ್ಪಡುತ್ತವೆ.

ಮಿದುಳಿನಲ್ಲಿ ಇದು ವಿಶೇಷವಾಗಿ ಕಾಣುತ್ತದೆ. ಮಗುವಿನ ನರಕೋಶಗಳಲ್ಲಿ ಬಹುಪಾಲು ಗರ್ಭದಲ್ಲಿಯೇ ಹುಟ್ಟಿರುತ್ತವೆ. ಆದರೂ ಹುಟ್ಟಿದ ದಿನ ಮಿದುಳಿನ ಗಾತ್ರ ವಯಸ್ಕರ ಮಿದುಳಿನ ಸುಮಾರು ಕಾಲು ಭಾಗ ಮಾತ್ರ. ಎರಡು ವರ್ಷ ತುಂಬುವ ಹೊತ್ತಿಗೆ ಅದು ಮುಕ್ಕಾಲು ಭಾಗಕ್ಕೆ ಬರುತ್ತದೆ. ಬೆಳೆದದ್ದು ನರಕೋಶಗಳ ಸಂಖ್ಯೆಯಲ್ಲ, ಅವುಗಳ ಕವಲು, ಸಂಪರ್ಕ ಮತ್ತು ಮಾಗುವಿಕೆ. ಗಾಬಾ ಎಂಬ ರಾಸಾಯನಿಕವು ಎಳೆಯ ನರಕೋಶವನ್ನು ಕೆರಳಿಸುತ್ತದೆ, ಮಾಗಿದ ನರಕೋಶವನ್ನು ಶಾಂತಗೊಳಿಸುತ್ತದೆ ಎಂದು ಪ್ರಾಣಿಗಳಲ್ಲಿ ಕಂಡುಕೊಂಡಿದ್ದಾರೆ. ರಾಸಾಯನಿಕ ಬದಲಾಗಿಲ್ಲ, ಕೋಶದೊಳಗೆ ಒಂದು ವಂಶವಾಹಿ ಎಚ್ಚೆತ್ತು, ಲವಣಾಂಶವನ್ನು ಹೊರದೂಡುವ ಪ್ರೋಟೀನನ್ನು ತಯಾರಿಸತೊಡಗಿದೆ. ಮನುಷ್ಯರ ನರಕೋಶಗಳಲ್ಲಿ ಒಂದು ಬಗೆಯ ಮೀಥೈಲ್ ಗುರುತುಗಳು ಹುಟ್ಟಿನ ಬಳಿಕ ಮೊದಲ ಎರಡು ವರ್ಷ ವೇಗವಾಗಿಯೂ ಅನಂತರ ಹರೆಯದವರೆಗೆ ನಿಧಾನವಾಗಿಯೂ ಸೇರುತ್ತ ಹೋಗುತ್ತವೆ ಎಂಬುದು 2013ರಲ್ಲಿ ಪ್ರಕಟವಾಯಿತು. ಶೆಟವಿ ತಾಯಿ ಒಂದು ಇರುಳಿನಲ್ಲಿ ಬರೆದು ಎದ್ದು ಹೋಗುವುದಿಲ್ಲವೆಂದಾಯಿತು.

ಈ ಗುರುತುಗಳನ್ನು ಓದಬೇಕಾದ ಪ್ರೋಟೀನೇ ಕೆಟ್ಟರೆ? 1966ರಲ್ಲಿ ವಿಯೆನ್ನಾದ ವೈದ್ಯ ಆಂಡ್ರಿಯಾಸ್ ರೆಟ್ ಅವರು ವರ್ಣಿಸಿದ ಕಾಯಿಲೆ ಇಂಥದು. ಸುಮಾರು 10,000 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಬರುತ್ತದೆ. ಮಗು ಚೆನ್ನಾಗಿಯೇ ಹುಟ್ಟುತ್ತದೆ, ನಗುತ್ತದೆ, ಒಂದೆರಡು ಮಾತು ಕಲಿಯುತ್ತದೆ. ಆರು ತಿಂಗಳಿಂದ ಹದಿನೆಂಟು ತಿಂಗಳೊಳಗೆ ಬೆಳವಣಿಗೆ ತಡೆಯುತ್ತದೆ. ಬಳಿಕ ಕಲಿತ ಮಾತು ಹೋಗುತ್ತದೆ. ಚೆಂಡು ಹಿಡಿಯುತ್ತಿದ್ದ ಕೈಗಳು ಬಟ್ಟೆ ಹಿಂಡುವಂತೆ ಒಂದನ್ನೊಂದು ಹಿಂಡತೊಡಗುತ್ತವೆ. 1999ರಲ್ಲಿ ಅಮೆರಿಕದ ಹುದಾ ಜೋಗ್ಬಿಯವರ ತಂಡವು ಇದರ ಮೂಲ ಒಂದೇ ಒಂದು ವಂಶವಾಹಿಯ ದೋಷವೆಂದು ತೋರಿಸಿತು. ಇಲ್ಲಿ ನಮ್ಮ ಕುಟುಂಬಗಳು ಗಮನಿಸಬೇಕಾದ ಸಂಗತಿ ಒಂದಿದೆ. ಈ ದೋಷ ಬಹುತೇಕ ತಾಯಿಯಿಂದ ಬಂದದ್ದಲ್ಲ. ಹೆಚ್ಚಿನ ಮಕ್ಕಳಲ್ಲಿ ಅದು ತಂದೆಯ ವೀರ್ಯಾಣು ರೂಪುಗೊಳ್ಳುವಾಗ ಆಕಸ್ಮಿಕವಾಗಿ ನುಸುಳಿದ್ದು; ತಂದೆಯ ತಪ್ಪೂ ಅಲ್ಲ.

ಆದರೆ ನಮ್ಮಲ್ಲಿ ನಡೆಯುವುದೇನು? ಇಂಥ ಮಗು ಹುಟ್ಟಿದ ಮನೆಯಲ್ಲಿ ಅತ್ತೆ ಸೊಸೆಯ ತವರಿನ ಇತಿಹಾಸ ಕೆದಕುತ್ತಾಳೆ. ಗ್ರಹಣದಲ್ಲಿ ಹೊರಗೆ ಬಂದಳೆಂದು ಒಬ್ಬರು, ಬಸುರಿನಲ್ಲಿ ಅತ್ತಳೆಂದು ಇನ್ನೊಬ್ಬರು. ಅಕ್ಕನ ಮಗಳನ್ನೇ ತಂದುಕೊಂಡ ಸಂಬಂಧದಿಂದ ಕೆಲವು ಕಾಯಿಲೆಗಳು ಹೆಚ್ಚುವುದು ನಿಜ. ಆ ಮದುವೆಯನ್ನು ನಿಶ್ಚಯಿಸಿದ ಹಿರಿಯರು ಮಾತ್ರ ಆಗ ಸುಮ್ಮನಿರುತ್ತಾರೆ! ಕೊನೆಗೆ ಆ ತಾಯಿ ಗುರುಗಳ ಬಳಿ ಬಂದು, "ಫಾದರ್, ನಾ ಏನ್ ಪಾಪ ಮಾಡೇನ್ರಿ?" ಎಂದು ಕೇಳುತ್ತಾಳೆ. ಹುಟ್ಟು ಕುರುಡನನ್ನು ಕಂಡ ಶಿಷ್ಯರು ಯೇಸುಸ್ವಾಮಿಯ ಮುಂದೆ ಇಟ್ಟ ಪ್ರಶ್ನೆಯೂ ಇದೇ. ಇವನ ಪಾಪವೂ ಅಲ್ಲ, ಹೆತ್ತವರ ಪಾಪವೂ ಅಲ್ಲವೆಂದು ಸ್ವಾಮಿ ಆ ಲೆಕ್ಕಾಚಾರವನ್ನೇ ತಳ್ಳಿಹಾಕಿದರು. ತಂದೆ ಹುಳಿ ದ್ರಾಕ್ಷಿ ತಿಂದರೆ ಮಗನ ಹಲ್ಲು ಚುಳಿಯುತ್ತದೆ ಎಂಬ ಗಾದೆಯನ್ನು ಇಸ್ರಯೇಲಿನಲ್ಲಿ ಇನ್ನು ಯಾರೂ ಆಡಬಾರದೆಂದು ಪ್ರವಾದಿ ಯೆಜೆಕಿಯೇಲರು ಸಾರಿದ್ದು ಅದಕ್ಕೂ ಮೊದಲು.

ಇಲ್ಲೊಂದು ಆಕ್ಷೇಪ ಏಳಬಹುದು. ತಾಯ್ತಂದೆಯರು ಬಾಳಿದ ರೀತಿ ಮಗುವಿನ ಮೇಲೆ ಗುರುತು ಬಿಡುತ್ತದೆಂದು ಈಗಿನ ವಿಜ್ಞಾನವೇ ಹೇಳುವುದಿಲ್ಲವೇ? ಹೇಳುತ್ತದೆ. 2004ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು ಇಲಿಗಳಲ್ಲಿ ಒಂದು ಸಂಗತಿಯನ್ನು ಕಂಡರು. ಹುಟ್ಟಿದ ಮೊದಲ ವಾರ ತಾಯಿ ಚೆನ್ನಾಗಿ ನೆಕ್ಕಿ ಆರೈಕೆ ಮಾಡಿದ ಮರಿಗಳ ಮಿದುಳಿನಲ್ಲಿ, ಭಯವನ್ನು ತಣಿಸಲು ನೆರವಾಗುವ ಒಂದು ವಂಶವಾಹಿಯ ಮೇಲೆ ಮೀಥೈಲ್ ಗುರುತು ಕಡಿಮೆಯಿತ್ತು. ಅವು ದೊಡ್ಡವಾದ ಮೇಲೂ ಬೇಗ ಬೆದರುತ್ತಿರಲಿಲ್ಲ. ಒಬ್ಬಳು ಹೆತ್ತ ಮರಿಯನ್ನು ಇನ್ನೊಬ್ಬಳ ಮಡಿಲಿಗೆ ಹಾಕಿದರೆ, ಮರಿಯು ಸಾಕಿದವಳ ರೀತಿಯನ್ನು ಪಡೆಯಿತು. ಇಲಿಯಲ್ಲಿ ಕಂಡದ್ದನ್ನು ಮನುಷ್ಯರಿಗೆ ಹಾಗೆಯೇ ಹೊಂದಿಸುವುದು ದುಡುಕಾದೀತು. ಆ ವಿಷಯದಲ್ಲಿ ವಿಜ್ಞಾನಿಗಳಲ್ಲೇ ವಾದವಿದೆ. ಆದರೂ ಸಂತ ಜೋಸೆಫರನ್ನು ಸಾಕುತಂದೆಯೆಂದು ಗೌರವಿಸುವ ನಮಗೆ, ರಕ್ತಕ್ಕಿಂತ ಮಡಿಲು ಹಿರಿದಾಗಬಹುದೆಂಬುದು ಹೊಸ ಸುದ್ದಿಯಲ್ಲ.

ನನ್ನ ಭಯ ಬೇರೆಯೇ ಇದೆ. ಹಿಂದೆ ಗ್ರಹಣದ ನೆಪದಲ್ಲಿ ತಾಯಿಯನ್ನು ದೂರಿದವರು ನಾಳೆ ಈ ಸಂಶೋಧನೆಯ ನೆಪದಲ್ಲಿ ದೂರುತ್ತಾರೆ: "ನೀನು ಮಗುವನ್ನು ಸರಿಯಾಗಿ ಎತ್ತಿಕೊಳ್ಳಲಿಲ್ಲ." ಎತ್ತಿಕೊಳ್ಳಲು ಅವಳ ಕೈ ಖಾಲಿ ಇತ್ತೇ? ಮಳೆ ಕೈಕೊಟ್ಟ ವರ್ಷ ಮುಂಡರಗಿ, ಶಿರಹಟ್ಟಿ ಕಡೆಯ ಕುಟುಂಬಗಳು ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುತ್ತವೆ. ಬಾಣಂತಿತನ ಮುಗಿಯುವ ಮುನ್ನವೇ ತಾಯಿ ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊರುತ್ತಾಳೆ. ಮಗು ಮರಳಿನ ಗುಡ್ಡೆಯ ಪಕ್ಕದ ಸೀರೆಯ ಜೋಲಿಯಲ್ಲಿ ಅಕ್ಕನ ಕಾವಲಿನಲ್ಲಿರುತ್ತದೆ. ಆ ಅಕ್ಕನಿಗೆ ಏಳು ವರ್ಷ. 1975ರಲ್ಲಿ ತಿರುಮಕೂಡಲು ನರಸೀಪುರದಿಂದ ನಮ್ಮ ರಾಜ್ಯದಲ್ಲಿ ಆರಂಭವಾದ ಅಂಗನವಾಡಿ ಯೋಜನೆ, 2017ರಲ್ಲಿ ಬಂದ ಗರ್ಭಿಣಿ-ಬಾಣಂತಿಯರ ಬಿಸಿಯೂಟದ ಮಾತೃಪೂರ್ಣ, ಇವೆಲ್ಲ ದೊಡ್ಡ ಉಪಕಾರಗಳೇ. ಆದರೆ ಊರು ಬಿಟ್ಟವಳ ಹಿಂದೆ ಊರಿನ ಅಂಗನವಾಡಿ ನಡೆದು ಹೋಗುವುದಿಲ್ಲ. ಮಗುವಿನ ಮೊದಲ ಎರಡು ವರ್ಷಗಳ ಗುರುತುಗಳಲ್ಲಿ ಕೂಲಿಯ ದರಕ್ಕೂ, ಗಂಡನ ಕುಡಿತಕ್ಕೂ, ನೆರೆಯವರ ಉದಾಸೀನಕ್ಕೂ ಪಾಲಿದ್ದರೆ, ಪಾಪನಿವೇದನೆಗೆ ಬರಬೇಕಾದವರು ಅವಳೊಬ್ಬಳೇ ಅಲ್ಲ. ದೀಕ್ಷಾಸ್ನಾನದ ದಿನ ಜ್ಞಾನ ತಂದೆ-ತಾಯಿಗಳಾಗಿ ನಿಂತವರಲ್ಲಿ ಎಷ್ಟು ಮಂದಿ ಮರುವರ್ಷ ಆ ಮಗುವನ್ನು ನೋಡಲು ಹೋಗುತ್ತಾರೆ?

ರೆಟ್ ಕಾಯಿಲೆಯ ಕಥೆ 1999ಕ್ಕೆ ನಿಂತಿಲ್ಲ. 2007ರಲ್ಲಿ ಎಡಿನ್‌ಬರೋದ ಏಡ್ರಿಯನ್ ಬರ್ಡ್ ಅವರ ತಂಡವು, ಈ ವಂಶವಾಹಿಯನ್ನು ಮೌನವಾಗಿಸಿದ್ದ ಇಲಿಗಳು ತೀವ್ರ ಲಕ್ಷಣಗಳಿಂದ ನರಳತೊಡಗಿದ ಮೇಲೆ ಅದನ್ನು ಮತ್ತೆ ಎಚ್ಚರಗೊಳಿಸಿ ನೋಡಿತು. ನಡುಗುತ್ತಿದ್ದ, ಉಸಿರು ತಪ್ಪುತ್ತಿದ್ದ ಇಲಿಗಳು ಚೇತರಿಸಿಕೊಂಡವು. ನರಕೋಶಗಳು ಸತ್ತಿರಲಿಲ್ಲ, ಮಾಗದೆ ಕಾದು ಕುಳಿತಿದ್ದವು. ಮನುಷ್ಯರಿಗೆ ಇನ್ನೂ ಅಂಥ ಚಿಕಿತ್ಸೆ ಕೈಗೆ ಬಂದಿಲ್ಲ. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧಿಯೊಂದು ಕೆಲವು ಲಕ್ಷಣಗಳನ್ನು ತಗ್ಗಿಸುತ್ತದೆ, ಗುಣಪಡಿಸುವುದಿಲ್ಲ. ಆ ಹೆಣ್ಣುಮಕ್ಕಳಿಗೆ ಮಾತು ಹೋದರೂ ನೋಟ ಹೋಗಿರುವುದಿಲ್ಲ; ಕಣ್ಣಿನಿಂದಲೇ ಬೇಕು-ಬೇಡ ಹೇಳಬಲ್ಲರು, ಹಾಡೆಂದರೆ ಹಲವರಿಗೆ ಬಹಳ ಪ್ರೀತಿ.

ಇಂಥ ಮಗು ಬಲಿಪೂಜೆಯ ನಡುವೆ ಕೂಗಿದಾಗ ಎಷ್ಟು ತಲೆಗಳು ಹಿಂದಕ್ಕೆ ತಿರುಗಿದವೆಂದು ತಾಯಿ ಎಣಿಸುತ್ತಾಳೆ. ಅದಕ್ಕಾಗಿಯೇ ಕೆಲವರು ಭಾನುವಾರ ಮನೆಯಲ್ಲಿ ಉಳಿಯುತ್ತಾರೆ. ಇನ್ನು ಕೆಲವರು ದೇವಾಲಯದ ಹೊರಗಿನ ಕಟ್ಟೆಯ ಮೇಲೆ ಮಗುವನ್ನು ತೊಡೆಯಲ್ಲಿಟ್ಟುಕೊಂಡು ಕುಳಿತು, ಒಳಗಿನ ಹಾಡಿಗೆ ಅದರ ಎರಡೂ ಕೈ ಹಿಡಿದು ತಾಳ ಹಾಕುತ್ತಾರೆ.