14ನೆಯ ನಡೆ

ಚದುರಂಗದಲ್ಲಿ ಸೋತವನಿಗೆ ನೆಪಗಳು ಕಡಿಮೆ. ಇಸ್ಪೀಟಿನಲ್ಲಿ ಎಲೆಗಳನ್ನು ದೂರಬಹುದು, ಕ್ರಿಕೆಟ್ಟಿನಲ್ಲಿ ಅಂಪೈರನನ್ನು. ಇಲ್ಲಿ ಇಬ್ಬರಿಗೂ ಅಷ್ಟೇ ಕಾಯಿಗಳು, ಎಲ್ಲವೂ ಕಣ್ಣೆದುರಿನಲ್ಲೇ. ಆದರೂ ಮನುಷ್ಯ ನೆಪ ಹುಡುಕುತ್ತಾನೆ. ನಾನೂ ಹುಡುಕಿದ್ದೇನೆ.

ಹವ್ಯಾಸಿಗಳ ಪಂದ್ಯಾವಳಿಯೊಂದರಲ್ಲಿ ತೇರದಾಳದ ನೇಕಾರರ ಮನೆಯ ಹುಡುಗನೊಬ್ಬ ನನಗೆ ಎದುರಾಳಿಯಾಗಿದ್ದ. ವಯಸ್ಸು ಹದಿನೈದಿರಬಹುದು. 31ನೆಯ ನಡೆಯಲ್ಲಿ ನನ್ನ ಆನೆ ಹೋಯಿತು. ಸ್ವಲ್ಪ ಹೊತ್ತಿಗೆ ಆಟವೂ ಹೋಯಿತು. ನಿಯಮದಂತೆ ನಡೆಗಳನ್ನು ಬರೆದುಕೊಂಡ ಹಾಳೆಗಳಿಗೆ ಇಬ್ಬರೂ ಸಹಿ ಹಾಕಿದೆವು. “ಗೆಲ್ಲುವ ಆಟವಾಗಿತ್ತು, ಒಂದು ಕ್ಷಣ ಕಣ್ಣು ತಪ್ಪಿತು” ಎಂದೆ. ಹುಡುಗ ಕಾಯಿಗಳನ್ನು ಮತ್ತೆ ಜೋಡಿಸಿ, ನನ್ನ ಹಾಳೆಯ 14ನೆಯ ನಡೆಯ ಮೇಲೆ ಬೆರಳಿಟ್ಟ.

“ಆನಿ ಆಗ ಹೋಗಿದ್ದಲ್ರಿ ಫಾದರ್. ಈ ಪ್ಯಾದಿ ನಡಿಸಿದಾಗನ ಹೋಗಿತ್ರಿ.”

ರಾಜನ ಮುಂದಿದ್ದ ಆ ಪ್ಯಾದೆಯನ್ನು ದಾಳಿಯ ಹುಮ್ಮಸ್ಸಿನಲ್ಲಿ ಮುಂದೆ ತಳ್ಳಿದ್ದೆ. ಪ್ಯಾದೆಗೆ ಹಿಂದಿರುಗುವ ದಾರಿಯಿಲ್ಲ. ಮುಂದಿನ 17 ನಡೆಗಳ ಕಾಲ ಆ ಬಿರುಕನ್ನು ಮುಚ್ಚುವುದರಲ್ಲೇ ಇದ್ದೆ, ಗೆಲ್ಲುತ್ತಿದ್ದೇನೆಂದು ನಂಬಿಕೊಂಡು. ಬಟ್ಟೆಯಲ್ಲಿ ದೋಷ ಕಂಡರೆ ಎಳೆ ಹಿಡಿದು ಹಿಂದಕ್ಕೆ ಹೋಗುವುದನ್ನು ಹುಡುಗ ಮಗ್ಗದ ಮನೆಯಲ್ಲೇ ಕಲಿತಿದ್ದನೇನೋ.

ಸೋಲೇ ಗುರು ಎಂದು ಶಾಲಾ ಸಮಾರಂಭಗಳಲ್ಲಿ ಮಕ್ಕಳಿಗೆ ಹೇಳುತ್ತೇವೆ. ನಾನೇ ಎಷ್ಟೋ ಸಲ ಹೇಳಿದ್ದೇನೆ. ಅದು ಅರ್ಧ ಮಾತು. ಸೋಲು ತಾನಾಗಿ ಏನನ್ನೂ ಕಲಿಸದು. ಕೊನೆಯ ಪ್ರಮಾದವನ್ನು ಒಪ್ಪಿಕೊಳ್ಳುವುದು ಸುಲಭ, ಅದರಲ್ಲಿ ಮರ್ಯಾದೆಯೂ ಉಳಿಯುತ್ತದೆ: ಅಜಾಗರೂಕತೆ ಯಾರಿಗಿಲ್ಲ? ಆದರೆ ಬಹಳ ಮುಂಚೆ, ಎಲ್ಲವೂ ಚೆನ್ನಾಗಿದ್ದಾಗ ಇಟ್ಟ ಹೆಜ್ಜೆ ನಮ್ಮ ಸ್ವಭಾವವನ್ನೇ ಬಯಲುಮಾಡುತ್ತದೆ. ಅದನ್ನು ನೋಡಲು ಮನಸ್ಸು ಒಪ್ಪುವುದಿಲ್ಲ.

ಸೋವಿಯತ್ ಒಕ್ಕೂಟದ ಮಿಖಾಯಿಲ್ ಬೊಟ್ವಿನ್ನಿಕ್ 1957ರಲ್ಲಿ ಸ್ಮಿಸ್ಲೋವ್‌ಗೆ ವಿಶ್ವಪಟ್ಟವನ್ನು ಬಿಟ್ಟುಕೊಟ್ಟು 1958ರಲ್ಲಿ ಮರಳಿ ಪಡೆದರು. 1960ರಲ್ಲಿ ತರುಣ ತಾಲ್‌ಗೆ ಸೋತು 1961ರಲ್ಲಿ, 49ರ ವಯಸ್ಸಿನಲ್ಲಿ, ಮತ್ತೆ ಗೆದ್ದರು. ತಮ್ಮ ಆಟಗಳ ವಿಶ್ಲೇಷಣೆಯನ್ನು ಅಚ್ಚುಹಾಕಿಸಿ ಪರರ ಟೀಕೆಗೆ ಒಡ್ಡುವುದು ಅವರ ಪದ್ಧತಿಯಾಗಿತ್ತು. ಸ್ವಂತ ಕಣ್ಣನ್ನು ಅವರು ಪೂರ್ತಿ ನಂಬಲಿಲ್ಲ. ಹಾಗೆಂದು ಕಲಿತವರಿಗೆಲ್ಲ ಪಟ್ಟ ಮರಳಿ ಬರುವುದೂ ಇಲ್ಲ: 1963ರಲ್ಲಿ ಪೆಟ್ರೋಸಿಯನ್‌ಗೆ ಸೋತಾಗ ಮರುಪಂದ್ಯದ ಹಕ್ಕನ್ನೇ ತೆಗೆದುಹಾಕಲಾಗಿತ್ತು.

ಕಳೆದ ವರ್ಷ ನಮ್ಮ ಉಪದೇಶಿಯೊಬ್ಬರ ಮೇಲೆ ಎಲ್ಲರೆದುರು ರೇಗಿದೆ. ಅಂದೇ ಕ್ಷಮೆ ಕೇಳಿದೆ, ಪಾಪನಿವೇದನೆಯಲ್ಲೂ ಹೇಳಿಕೊಂಡೆ, ಮುಗಿಯಿತೆಂದು ಭಾವಿಸಿದೆ. ಅವರು ಇನ್ನೂ ನನ್ನೊಡನೆ ಮೊದಲಿನಂತಿಲ್ಲ. ನಾನು ಒಪ್ಪಿಕೊಂಡದ್ದು 31ನೆಯ ನಡೆಯನ್ನು. ಅದಕ್ಕೆ ಎಷ್ಟೋ ತಿಂಗಳ ಮೊದಲೇ ಅವರ ಮಾತಿಗೆ ಕಿವಿಗೊಡುವುದನ್ನು ನಿಲ್ಲಿಸಿದ್ದೆ. ಯಾವಾಗಿನಿಂದ ಎಂಬುದು ನನಗೆ ನೆನಪಾಗುತ್ತಿಲ್ಲ, ಅವರಿಗೆ ನೆನಪಿರುತ್ತದೆ.

ಆ ಹಾಳೆ ನನ್ನ ಪ್ರಾರ್ಥನಾ ಪುಸ್ತಕದೊಳಗಿದೆ. ಈ ವಾರ ಅವರ ಮನೆಗೆ ಹೋಗಬೇಕು. ಈ ಬಾರಿ ಕ್ಷಮೆ ಕೇಳುವುದಕ್ಕಲ್ಲ, ಅವರು ಎಲ್ಲಿ ಬೆರಳಿಡುತ್ತಾರೋ ನೋಡುವುದಕ್ಕೆ.